ಕರಾವಳಿಯ ಹಳೆಯ ಪಟ್ಟಣಗಳ ನಡುವೆ ಒಂದು ದಿನದ ಸೈಕಲ್ ಸುತ್ತು: ಯೋಜಿಸುವ ಬಗೆ

ಕಡಲಂಚಿನ ರಸ್ತೆ ಸಮತಟ್ಟಾಗಿರುತ್ತದೆ ಎಂದು ನಂಬಿ ಹೊರಟವರು ಮಧ್ಯಾಹ್ನದ ಹೊತ್ತಿಗೆ ಬಸವಳಿದರೆ ಅದಕ್ಕೆ ದೂರಕ್ಕಿಂತ ಹೆಚ್ಚಾಗಿ ಗಾಳಿ ಮತ್ತು ಅಳಿವೆಗಳೇ ಕಾರಣವಾಗಿರುತ್ತವೆ. ಎಷ್ಟು ಕಿಲೋಮೀಟರ್ ಎಂಬುದನ್ನು ಮೊದಲು ತೀರ್ಮಾನಿಸಿ ಉಳಿದದ್ದನ್ನು ಆಮೇಲೆ ನೋಡಿಕೊಳ್ಳುವುದು ವಾಡಿಕೆ. ಆದರೆ ಎಲ್ಲಿಂದ ಹೊರಡಬೇಕು, ಯಾವ ದಿಕ್ಕಿನಲ್ಲಿ ಸುತ್ತಬೇಕು, ಯಾವ ಹೊತ್ತಿಗೆ ಎಲ್ಲಿರಬೇಕು ಎಂಬ ಮೂರನ್ನು ಮೊದಲು ನಿರ್ಧರಿಸುವುದೇ ಸರಿಯಾದ ಕ್ರಮವೆಂದು ನಾನು ಅನುಭವದಿಂದ ಹೇಳುತ್ತೇನೆ.

ಆದರೂ ಅಳತೆಯೊಂದು ಬೇಕು. ವಾರಕ್ಕೆ ಎರಡು ಮೂರು ಬಾರಿ ಸೈಕಲ್ ತುಳಿಯುವ ಅಭ್ಯಾಸವಿರುವವರಿಗೆ 60ರಿಂದ 80 ಕಿಲೋಮೀಟರ್ ದೂರ ಮತ್ತು 600ರಿಂದ 800 ಮೀಟರ್ ಒಟ್ಟು ಏರು ಇರುವ ಸುತ್ತನ್ನು ಮಧ್ಯಮ ದರ್ಜೆಯದೆನ್ನಬಹುದು. ಕಿಲೋಮೀಟರಿಗೆ ಸರಾಸರಿ 10 ಮೀಟರ್ ಏರು ಎಂಬ ಲೆಕ್ಕವನ್ನು ನೆನಪಿನಲ್ಲಿಟ್ಟುಕೊಂಡರೆ ಸಾಕು. ಅದು 15ನ್ನು ದಾಟಿದರೆ ಆ ಸುತ್ತು ಬೇರೆ ದರ್ಜೆಯದು. ಸಮುದ್ರಮಟ್ಟದಲ್ಲೇ ಸಾಗುವ ದಾರಿಯಲ್ಲಿ ಇಷ್ಟು ಏರು ಎಲ್ಲಿಂದ ಬರುತ್ತದೆ ಎಂದು ಕೇಳಬಹುದು. ಗುಡ್ಡಗಳು ಕಡಲಿನವರೆಗೂ ಚಾಚಿಕೊಂಡಿರುವ ತೀರದಲ್ಲಿ ಪ್ರತಿ ಹೊಳೆಯೂ ತನ್ನದೇ ಕಣಿವೆಯನ್ನು ಕೊರೆದಿರುತ್ತದೆ. ರಸ್ತೆ ಅಲ್ಲಿಗೆ ಇಳಿದು, ಸೇತುವೆ ದಾಟಿ, ಮತ್ತೆ ಏರಬೇಕು. ಒಂದೊಂದು ಏರು 60 ಮೀಟರಿನದೇ ಆದರೂ ಅಂಥ ಎಂಟು ಕಣಿವೆಗಳಿಗೆ 480 ಮೀಟರ್ ಆಯಿತು. ಒಂದೇ ಉದ್ದನೆಯ ಏರಿನಲ್ಲಿ ಸಿಗುವ ಲಯ ಈ ತುಂಡು ಏರುಗಳಲ್ಲಿ ಸಿಗುವುದಿಲ್ಲವಾದ್ದರಿಂದ ಇವು ಕಾಲುಗಳನ್ನು ಹೆಚ್ಚು ದಣಿಸುತ್ತವೆ.

ನಕ್ಷೆಯ ಆ್ಯಪ್ ತೋರಿಸುವ ಏರಿಳಿತದ ಚಿತ್ರವನ್ನು ಕರಾವಳಿಯಲ್ಲಿ ಸ್ವಲ್ಪ ಅನುಮಾನದಿಂದಲೇ ನೋಡಬೇಕು. 2000ದ ಫೆಬ್ರವರಿಯಲ್ಲಿ ನಾಸಾದ ಎಂಡೆವರ್ ನೌಕೆ ರೇಡಾರ್‌ನಿಂದ ಅಳೆದ ಎತ್ತರದ ಮಾಹಿತಿಯನ್ನು ಇಂದಿಗೂ ವ್ಯಾಪಕವಾಗಿ ಬಳಸಲಾಗುತ್ತಿದ್ದು, ಅದು ನೆಲವನ್ನು ಚೌಕಗಳಾಗಿ ವಿಂಗಡಿಸಿ ಚೌಕಕ್ಕೊಂದು ಎತ್ತರ ಕೊಡುತ್ತದೆ; ಒಂದೊಂದು ಚೌಕದ ಬದಿ ಸುಮಾರು 30 ಮೀಟರ್. ಕಡಿದಾದ ಬಂಡೆಯ ನಡುವೆ ಕೊರೆದ ರಸ್ತೆಯಲ್ಲಿ ಅಷ್ಟು ಅಂತರದೊಳಗೆ ಮೇಲಿನ ಗುಡ್ಡವೂ ಕೆಳಗಿನ ನೀರೂ ಸೇರಿಬಿಡುವುದರಿಂದ ಸಮತಟ್ಟಾದ ದಾರಿಯೂ ಗರಗಸದ ಹಲ್ಲಿನಂತೆ ಕಾಣಿಸುತ್ತದೆ. ಸುರಂಗವಿದ್ದರೆ ಅದರ ಮೇಲಿನ ಬೆಟ್ಟವನ್ನೇ ಏರಿದಂತೆ ಲೆಕ್ಕ ಬರುತ್ತದೆ. ಸಂಶಯವಿರುವಲ್ಲಿ ಸಮೋನ್ನತ ರೇಖೆಗಳಿರುವ (ಒಂದೇ ಎತ್ತರದ ಜಾಗಗಳನ್ನು ಜೋಡಿಸುವ ಗೆರೆಗಳಿರುವ) ನಕ್ಷೆಯನ್ನು ತೆರೆದು, ರಸ್ತೆ ಎಷ್ಟು ರೇಖೆಗಳನ್ನು ನಿಜವಾಗಿ ದಾಟುತ್ತದೆ ಎಂದು ಎಣಿಸಿ ನೋಡುವುದು ಒಳ್ಳೆಯದು.

ಇನ್ನು ಗಾಳಿ. ಗಂಟೆಗೆ 20 ಕಿಲೋಮೀಟರ್ ವೇಗದಲ್ಲಿ ಹೋಗುತ್ತಿರುವಾಗ 15 ಕಿಲೋಮೀಟರ್ ವೇಗದ ಗಾಳಿ ಎದುರಾದರೆ ದೇಹಕ್ಕೆ ತಾಕುವುದು 35 ಕಿಲೋಮೀಟರ್ ವೇಗದ ಗಾಳಿ; ತಡೆಯು ವೇಗದ ವರ್ಗಕ್ಕೆ (ವೇಗವನ್ನು ಅದರಿಂದಲೇ ಗುಣಿಸಿದ್ದಕ್ಕೆ) ಅನುಗುಣವಾಗಿ ಏರುವುದರಿಂದ ಅದು ಮೂರು ಪಟ್ಟಾಗುತ್ತದೆ. ಹೋಗುವಾಗ ಕಳೆದುಕೊಂಡದ್ದನ್ನು ಬರುವಾಗ ಬೆನ್ನಗಾಳಿಯಲ್ಲಿ ಗಳಿಸಿಕೊಳ್ಳಬಹುದು ಎಂಬ ಸಮಾಧಾನವೂ ಲೆಕ್ಕಕ್ಕೆ ನಿಲ್ಲುವುದಿಲ್ಲ. 30 ಕಿಲೋಮೀಟರನ್ನು 15ರ ವೇಗದಲ್ಲಿ ಹೋಗಲು ಎರಡು ಗಂಟೆ, 25ರ ವೇಗದಲ್ಲಿ ಮರಳಲು 1 ಗಂಟೆ 12 ನಿಮಿಷ. ಗಾಳಿಯಿಲ್ಲದ ದಿನ ಅದೇ 60 ಕಿಲೋಮೀಟರಿಗೆ ಮೂರೇ ಗಂಟೆ.

ತಿಳಿಯಾದ ಬಿಸಿಲಿನ ದಿನಗಳಲ್ಲಿ ಕಡಲ ಗಾಳಿಗೆ ಒಂದು ವೇಳಾಪಟ್ಟಿಯಿದೆ. ನೆಲ ನೀರಿಗಿಂತ ಬೇಗ ಕಾಯುತ್ತದೆ, ಅದರ ಮೇಲಿನ ಗಾಳಿ ಹಗುರಾಗಿ ಮೇಲೇರುತ್ತದೆ, ಆ ಜಾಗಕ್ಕೆ ಸಮುದ್ರದ ತಂಪು ಗಾಳಿ ನುಗ್ಗುತ್ತದೆ. ಬೆಳಿಗ್ಗೆ ಹತ್ತು ಹನ್ನೊಂದರ ಸುಮಾರಿಗೆ ಎದ್ದು, ಮಧ್ಯಾಹ್ನ ಬಲಿತು, ಸಂಜೆಗೆ ಅಡಗುವ ಈ ಗಾಳಿ ಬೀಸುವುದು ಕಡಲಿನಿಂದ ಒಳನಾಡಿನ ಕಡೆಗೆ. ಆದ್ದರಿಂದ ಮಧ್ಯಾಹ್ನದ ನಂತರ ಒಳನಾಡಿನಿಂದ ಕಡಲಿನತ್ತ ಮರಳುವ ಯೋಜನೆ ಎಂದರೆ ದಣಿದ ಕಾಲುಗಳಿಗೆ ಎದುರುಗಾಳಿಯನ್ನು ಎತ್ತಿಟ್ಟ ಹಾಗೆ. ಬಂದರು ಪಟ್ಟಣದಲ್ಲಿ ತಂಗಿದ್ದೆ ಎಂಬ ಒಂದೇ ಕಾರಣಕ್ಕೆ ಅಲ್ಲಿಂದಲೇ ಹೊರಟ ಒಂದು ದಿನ, ಮರಳುವ ಕೊನೆಯ 18 ಕಿಲೋಮೀಟರಿಗೆ ನನಗೆ ಒಂದೂವರೆ ಗಂಟೆ ಹಿಡಿಯಿತು. ತಲೆ ತಗ್ಗಿಸಿ, ಹ್ಯಾಂಡಲ್‌ಬಾರಿನ ಕೆಳಬಾಗು ಹಿಡಿದು, ಇಳಿಜಾರಿನಲ್ಲೂ ಪೆಡಲ್ ತುಳಿಯುತ್ತ ಸಾಗಿದ್ದು ಇನ್ನೂ ನೆನಪಿದೆ. ಮರುದಿನ ಅದೇ ಸುತ್ತನ್ನು ಒಳನಾಡಿನ ಒಂದು ರೈಲು ನಿಲ್ದಾಣದಿಂದ ಆರಂಭಿಸಿದೆ. ಬೆಳಗಿನ ನಿಶ್ಚಲ ಗಾಳಿಯಲ್ಲಿ ಕಡಲಿಗಿಳಿದು, ತೀರದ ಪಟ್ಟಣಗಳನ್ನು ಮಧ್ಯಾಹ್ನದೊಳಗೆ ಮುಗಿಸಿ, ಗಾಳಿಯನ್ನು ಬೆನ್ನಿಗೆ ಹಾಕಿಕೊಂಡು ಮರಳಿದೆ. ಆರಂಭದ ಸ್ಥಳ ಪ್ರಸಿದ್ಧ ಪಟ್ಟಣವೇ ಆಗಬೇಕೆಂದೇನೂ ಇಲ್ಲ.

ಆ ಋತುವಿನ ಮುಖ್ಯ ಗಾಳಿಯೇ ಜೋರಾಗಿದ್ದರೆ ಕಡಲ ಗಾಳಿಯ ಲೆಕ್ಕ ಅದರಲ್ಲಿ ಮುಳುಗಿಹೋಗುತ್ತದೆ. ಆಗ ತೀರದ ಬಯಲು ಭಾಗವನ್ನು ಮೊದಲ ಅರ್ಧದಲ್ಲಿ ಗಾಳಿಗೆದುರಾಗಿ ಮುಗಿಸಿ, ಮರಗಳ ಮರೆಯಿರುವ ಒಳದಾರಿಯನ್ನು ಮರಳುವುದಕ್ಕೆ ಉಳಿಸಿಕೊಳ್ಳಬೇಕು. ಗಾಳಿ ಎರಡು ದಿಕ್ಕಿಗೂ ಸಮನಾಗಿದ್ದಾಗ ಮಾತ್ರ ಕಡಲಿನ ಬದಿಯ ಪ್ರಶ್ನೆ ಬರುತ್ತದೆ. ವಾಹನಗಳು ಎಡಕ್ಕೆ ಚಲಿಸುವ ದೇಶದಲ್ಲಿ ಗಡಿಯಾರದ ಮುಳ್ಳಿನಂತೆ, ಬಲಕ್ಕೆ ಚಲಿಸುವಲ್ಲಿ ಅದಕ್ಕೆ ವಿರುದ್ಧವಾಗಿ ಸುತ್ತಿದರೆ ನೀವು ಸದಾ ಸಮುದ್ರದ ಪಕ್ಕದಲ್ಲಿರುತ್ತೀರಿ. ನೋಟಕ್ಕೆಂದು ನಿಲ್ಲಲು ರಸ್ತೆ ದಾಟಬೇಕಾಗುವುದಿಲ್ಲ, ಅಡ್ಡರಸ್ತೆಗಳೂ ಆ ಬದಿಯಲ್ಲಿ ಕಡಿಮೆ.

ಪಟ್ಟಣಗಳ ವಿಷಯದಲ್ಲಿ ಅವು ಏಕೆ ಅಲ್ಲಿ ಹುಟ್ಟಿದವು ಎಂಬುದನ್ನು ತಿಳಿದರೆ ದಾರಿ ತಾನಾಗಿ ಅರ್ಥವಾಗುತ್ತದೆ. ಕಾವಲಿಗೆಂದು ಕಟ್ಟಿದ ಊರು ಎತ್ತರದ ಭೂಶಿರದ ಮೇಲಿರುತ್ತದೆ. ಅಲ್ಲಿಗೆ ಕೊನೆಯ ಕಿಲೋಮೀಟರ್ ಏರೇ. ವ್ಯಾಪಾರಕ್ಕೆಂದು ಬೆಳೆದ ಊರು ಅಳಿವೆಯಲ್ಲಿರುತ್ತದೆ, ಮತ್ತು ಅಳಿವೆಯ ಹೂಳು ಅದನ್ನು ಕಡಲಿನಿಂದ ದೂರ ಮಾಡಿರಲೂಬಹುದು. ಇಂಗ್ಲೆಂಡಿನ ರೈ, ರೋಮ್ ಬಳಿಯ ಓಸ್ಟಿಯಾ, ಟರ್ಕಿಯ ಎಫೆಸಸ್ ಒಂದು ಕಾಲದ ಬಂದರುಗಳು. ಇಂದು ಮೂರೂ ಒಳನಾಡಿನಲ್ಲಿವೆ. ಇಂಥ ಊರನ್ನು ಸುತ್ತಿನ ಒಳಗಿನ ಮೂಲೆಯಾಗಿ ಇಟ್ಟುಕೊಳ್ಳುವುದು ಸೊಗಸಾದ ಜೋಡಣೆ. ಕೋಟೆಯೊಳಗಿನ ಕಲ್ಲುಹಾಸಿನ ಮೇಲೆ, ಅದರಲ್ಲೂ ಮಂಜಿನಿಂದ ಒದ್ದೆಯಾಗಿರುವಾಗ, ಸೈಕಲ್ಲಿನಿಂದಿಳಿದು ನಡೆಯುವುದೇ ಲೇಸು. 28ರಿಂದ 32 ಮಿಲಿಮೀಟರ್ ಅಗಲದ ಟೈರುಗಳು ಇಂಥ ದಾರಿಗೂ ಡಾಂಬರಿಗೂ ಹೊಂದುತ್ತವೆ.

ದಾರಿಯಲ್ಲಿ ನೀರನ್ನು ದಾಟುವ ಜಾಗವಿದ್ದರೆ ಇಡೀ ದಿನದ ವೇಳಾಪಟ್ಟಿಯನ್ನು ಅದರಿಂದಲೇ ಹಿಂದಕ್ಕೆ ಎಣಿಸಬೇಕು. ದೋಣಿಯಾದರೆ ಸೈಕಲ್ ಹತ್ತಿಸುತ್ತಾರೆಯೇ, ಕೊನೆಯ ದೋಣಿ ಎಷ್ಟಕ್ಕೆ ಎಂಬುದನ್ನು ಹಿಂದಿನ ದಿನವೇ ಕೇಳಿಕೊಳ್ಳಬೇಕು. ಇಳಿತದಲ್ಲಷ್ಟೇ ತೆರೆಯುವ ರಸ್ತೆಯಾದರೆ ಎಚ್ಚರ ಇನ್ನೂ ಹೆಚ್ಚು ಬೇಕು, ಏಕೆಂದರೆ ಉಬ್ಬರದ ಹೊತ್ತು ದಿನಕ್ಕೆ ಸುಮಾರು 50 ನಿಮಿಷದಂತೆ ಮುಂದಕ್ಕೆ ಹೋಗುತ್ತದೆ; ಕಳೆದ ವಾರ ಹೋದವರ ಮಾತು ಈ ವಾರಕ್ಕೆ ಆಗುವುದಿಲ್ಲ. ಫ್ರಾನ್ಸಿನ ನ್ವಾರ್ಮುಟಿಯೇ ದ್ವೀಪಕ್ಕೆ ಹೋಗುವ ನಾಲ್ಕು ಕಿಲೋಮೀಟರಿಗೂ ಮಿಕ್ಕ ‘ಪಾಸಾಜ್ ದ್ಯು ಗ್ವಾ’ ಎಂಬ ರಸ್ತೆ ದಿನಕ್ಕೆರಡು ಬಾರಿ ಮುಳುಗುತ್ತದೆ. 1999ರ ಟೂರ್ ಡಿ ಫ್ರಾನ್ಸ್‌ನಲ್ಲಿ ಅದರ ಜಾರುವ ಮೇಲ್ಮೈಯಲ್ಲಿ ನುರಿತ ಸವಾರರೇ ಗುಂಪಾಗಿ ಉರುಳಿಬಿದ್ದರು.

ಹೊತ್ತಿನ ಲೆಕ್ಕವನ್ನು ನಾನು ಹೀಗೆ ಹಾಕುತ್ತೇನೆ: 70 ಕಿಲೋಮೀಟರಿಗೆ 20ರ ವೇಗದಲ್ಲಿ ಮೂರೂವರೆ ಗಂಟೆ, 700 ಮೀಟರ್ ಏರಿಗೆ ಪ್ರತಿ 100 ಮೀಟರಿಗೆ ಐದು ನಿಮಿಷದಂತೆ 35 ನಿಮಿಷ, ಎರಡು ಪಟ್ಟಣಗಳಲ್ಲಿ ತಲಾ ಮುಕ್ಕಾಲು ಗಂಟೆ, ಸಣ್ಣಪುಟ್ಟ ನಿಲುಗಡೆಗೆ ಅರ್ಧ ಗಂಟೆ. ಒಟ್ಟು ಆರು ಗಂಟೆ ಮೀರುತ್ತದೆ. ಮೂರನೆಯ ಪಟ್ಟಣವನ್ನು ಸೇರಿಸುವ ಆಸೆಯನ್ನು ಇಲ್ಲಿಯೇ ಬಿಡಬೇಕು. ಓಡುತ್ತ ನೋಡಿದ ಹಳೆಯ ಊರು ನೋಡಿದಂತಾಗುವುದಿಲ್ಲ. ಸುತ್ತಿನ ನಡುವೆ ಎಲ್ಲಾದರೂ ಅಡ್ಡಹಾಯ್ದು ಮರಳುವ ದಾರಿಯನ್ನೋ ರೈಲು ನಿಲ್ದಾಣವನ್ನೋ ಗುರುತಿಸಿಟ್ಟುಕೊಂಡು, ದಾರಿಯ ಗುರುತುಗಳನ್ನು ಹಿಡಿದಿಡುವ ಜಿಪಿಎಕ್ಸ್ ಫೈಲನ್ನು ಇಂಟರ್ನೆಟ್ ಇಲ್ಲದೆಯೂ ತೆರೆಯುವಂತೆ ಫೋನಿನಲ್ಲಿ ಇಳಿಸಿಕೊಳ್ಳಬೇಕು. ಗಂಟೆಗೆ ಅರ್ಧದಿಂದ ಮುಕ್ಕಾಲು ಲೀಟರ್ ನೀರು, ಎರಡು ಟ್ಯೂಬ್, ಪಂಪ್, ಮುಂದೆ ಹಿಂದೆ ದೀಪ ಇರಲಿ.

ಮರಳಿದ ಕೂಡಲೇ ಸೈಕಲ್ಲನ್ನು ಸಿಹಿನೀರಿನಿಂದ ಮೆಲ್ಲಗೆ ತೊಳೆಯಬೇಕು. ನೀರನ್ನು ರಭಸವಾಗಿ ಬಿಟ್ಟರೆ ಉಪ್ಪು ಬೇರಿಂಗುಗಳ ಒಳಗೇ ಸೇರುತ್ತದೆ. ಚೈನನ್ನು ಒಣ ಬಟ್ಟೆಯಲ್ಲಿ ಹಿಡಿದು ಪೆಡಲನ್ನು ಹಿಂದಕ್ಕೆ ತಿರುಗಿಸುತ್ತ ಒರೆಸಿ, ಪೂರ್ತಿ ಒಣಗಿದ ಮೇಲೆ ಒಂದೊಂದು ಕೊಂಡಿಗೆ ಒಂದೊಂದು ಹನಿ ಎಣ್ಣೆ ಬಿಡಬೇಕು. ಮರುದಿನಕ್ಕೆಂದು ಬಿಟ್ಟರೆ ಬೆಳಗಾಗುವಷ್ಟರಲ್ಲಿ ಕೊಂಡಿಗಳ ಅಂಚಿನಲ್ಲಿ ಕೆಂಪು ತುಕ್ಕು ಕಾಣಿಸಿಕೊಂಡಿರುತ್ತದೆ.