ಬಾಕ್ಸ್ ಬಿಟ್ಟು ಬರುವ ಕೀಪರ್: ಹಿಗಿಟಾನಿಂದ ಕಲಿಯುವುದು, ಬಿಡುವುದು

ಬೆಳಗಾವಿಯಲ್ಲಿ ಫುಟ್‌ಬಾಲ್ ಗೋಲ್‌ಕೀಪಿಂಗ್ ಕಲಿಯಲು ಬರುವ ಹುಡುಗರಿಗೆ ಮೊದಲು ಬೇಕಾಗುವುದೇ ಚೇಳಿನ ಒದೆತ. 1995ರಲ್ಲಿ ವೆಂಬ್ಲಿಯಲ್ಲಿ ಕೊಲಂಬಿಯಾದ ಗೋಲ್‌ಕೀಪರ್ ರೆನೆ ಹಿಗಿಟಾ ಮುಂದಕ್ಕೆ ಜಿಗಿದು, ಬೆನ್ನ ಮೇಲಿಂದ ಹಿಮ್ಮಡಿ ಎತ್ತಿ ಚೆಂಡನ್ನು ಆಚೆ ತಳ್ಳಿದ್ದ. ನಮ್ಮ ಗಟ್ಟಿ ಕೆಂಪು ನೆಲದಲ್ಲಿ ಅದು ಬೇಡ, ಮಣಿಕಟ್ಟು ಹೋಗುತ್ತದೆ. ಕಲಿಯಬೇಕಾದದ್ದು ಆತ ಬಾಕ್ಸ್, ಅಂದರೆ ಗೋಲಿನ ಮುಂದೆ ಕೀಪರ್ ಕೈ ಬಳಸಬಹುದಾದ ಚೌಕ, ದಾಟಿ ಬಂದು ಡಿಫೆಂಡರ್ ಥರ ಆಡುತ್ತಿದ್ದ ರೀತಿ. 1992ರಿಂದ ಬ್ಯಾಕ್‌ಪಾಸ್ (ತನ್ನ ತಂಡದವನೇ ಬೇಕೆಂದೇ ಒದ್ದು ಕೊಟ್ಟ ಚೆಂಡು) ಕೈಯಲ್ಲಿ ಹಿಡಿಯುವ ಹಾಗಿಲ್ಲ, ಕೀಪರ್‌ಗೆ ಕಾಲು ಬರಲೇಬೇಕು.

ಗೋಲಿನಿಂದ 5.5, 11 ಮತ್ತು 16.5 ಮೀಟರಿಗೆ ಸುಣ್ಣದ ಗೆರೆ ಎಳೆಯಿರಿ. ಚೆಂಡು ಎದುರಾಳಿಯ ಅರ್ಧದಲ್ಲಿದ್ದರೆ ಕೀಪರ್ 11 ಮತ್ತು 16.5ರ ನಡುವೆ ನಿಲ್ಲಲಿ. ಚೆಂಡು ಹತ್ತಿರ ಬಂದಂತೆ ಅದಕ್ಕೆ ಮುಖಕೊಟ್ಟೇ ಹಿಂದೆ ಸರಿಯಲಿ. ಬೆನ್ನು ತಿರುಗಿಸಿದನೋ, ತಲೆಯ ಮೇಲಿಂದ ಲಾಬ್ (ಎತ್ತರಕ್ಕೆ ಎತ್ತಿ ಹೊಡೆದ ಚೆಂಡು) ಬೀಳುತ್ತದೆ.

ಇನ್ನು ಓಟ. 40 ಮೀಟರ್ ದೂರದಿಂದ ಒಬ್ಬ ಚೆಂಡು ಬಿಡಲಿ, ಫಾರ್ವರ್ಡ್ ಅವನ ಪಕ್ಕದಿಂದಲೇ ಓಡಲಿ. ಚೆಂಡು ಕಾಲಿನಿಂದ ಬಿಟ್ಟ ಕ್ಷಣವೇ ಕೀಪರ್ ತೀರ್ಮಾನಿಸಬೇಕು. ಹೊರಟರೆ "ನಂದು!" ಎಂದು ಕೂಗಲಿ, ಹೊರಟವನು ನಡುದಾರಿಯಲ್ಲಿ ನಿಲ್ಲಬಾರದು: ಅತ್ತ ಚೆಂಡೂ ಇಲ್ಲ, ಇತ್ತ ಗೋಲೂ ಇಲ್ಲ. ಎಂಟು ಸಲ ಆದ ಮೇಲೆ ಬಿಡುವು ಕೊಡಿ, ದಣಿದ ಕಾಲು ತಡವಾಗಿಯೇ ಹೊರಡುತ್ತದೆ. ಬೇಸಿಗೆಯ ನೆಲದಲ್ಲಿ ಚೆಂಡು ಪುಟಿದು ಪಾದದ ಮೇಲಿಂದ ಹಾರುತ್ತದೆ. ಮೈಯನ್ನು ಚೆಂಡಿನ ಹಿಂದೆ ತಂದೇ ಒದೆಯಲಿ. ಚೆಂಡಿನೊಳಗೆ ಗಾಳಿ ಕಡಿಮೆಯಿರಲಿ, ಪಂಪಿನ ಮುಳ್ಳು 9 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ತೋರಿಸಿದರೆ ಸಾಕು. ಮಳೆಗಾಲದಲ್ಲಿ ಇದೇ ಚೆಂಡು ಕೆಸರಿನಲ್ಲಿ ತಟ್ಟನೆ ನಿಲ್ಲುತ್ತದೆ. ಫಾರ್ವರ್ಡ್‌ಗೂ ಅದು ಗೊತ್ತು.

ಬಾಕ್ಸ್ ಆಚೆ ಕೀಪರ್ ಚೆಂಡನ್ನು ಕೈಯಲ್ಲಿ ಆಡಿದರೆ ಫ್ರೀ ಕಿಕ್, ಖಚಿತ ಗೋಲು ತಡೆದಿದ್ದರೆ ಕೆಂಪು ಕಾರ್ಡ್.

1990ರ ವಿಶ್ವಕಪ್‌ನಲ್ಲಿ, ನೇಪಲ್ಸ್‌ನ ಪಂದ್ಯದ ಹೆಚ್ಚುವರಿ ಸಮಯದಲ್ಲಿ ಹಿಗಿಟಾ ಎಡವಿದ್ದು ಹೊರಬಂದದ್ದಕ್ಕಲ್ಲ. ಬಂದ ಮೇಲೆ ಚೆಂಡು ಬಿಡದೆ, ಕ್ಯಾಮರೂನ್‌ನ ರೋಜರ್ ಮಿಲ್ಲಾನನ್ನು ಡ್ರಿಬಲ್ ಮಾಡಿ ದಾಟಲು ಹೋದ. ಮಿಲ್ಲಾ ಕಸಿದುಕೊಂಡು ಖಾಲಿ ಗೋಲಿಗೆ ಹೊಡೆದ, ಕೊಲಂಬಿಯಾ 1-2ರಿಂದ ಸೋತಿತು. ಹಾಗಾಗಿ ಅಭ್ಯಾಸದಲ್ಲಿ ಹೊರಗೆ ಎರಡೇ ಸ್ಪರ್ಶ: ಒಂದು ನಿಲ್ಲಿಸಲು, ಇನ್ನೊಂದು ಸೈಡ್‌ಲೈನ್ ಕಡೆ ಒದೆಯಲು. ಫಾರ್ವರ್ಡ್ ಮೂರು ಹೆಜ್ಜೆಯೊಳಗಿದ್ದರೆ ಒಂದೇ. "ನಂದು" ಎಂದು ಕೇಳಿದ ತಕ್ಷಣ ಸ್ಟಾಪರ್ (ನಡುವಿನ ಡಿಫೆಂಡರ್) ಚೆಂಡು ನೋಡುತ್ತ ನಿಲ್ಲದೆ, ಖಾಲಿಯಾದ ಗೋಲಿನ ಗೆರೆಗೆ ಓಡಬೇಕು.