ಪಾಸ್‌ವರ್ಡ್ ಬದಲಿಸಿದರೂ ಮೇಲ್ ಸೋರುತ್ತಿದ್ದರೆ: ನನ್ನ ಅನುಭವ

ಫಿಶಿಂಗ್ ಪುಟದಲ್ಲಿ, ಅಂದರೆ ಅಸಲಿಯಂತೆ ಕಾಣುವ ನಕಲಿ ಪುಟದಲ್ಲಿ, ಪಾಸ್‌ವರ್ಡ್ ಕೊಟ್ಟಾಗಿದ್ದರೆ, ಅದನ್ನು ಬದಲಿಸಿದರಷ್ಟೇ ಸಾಲದು. ಒಳಹೊಕ್ಕವರು ಫಾರ್ವರ್ಡಿಂಗ್ ನಿಯಮ (ಬಂದ ಮೇಲ್‌ನ ಪ್ರತಿಯನ್ನು ತಾನಾಗಿಯೇ ಬೇರೆ ವಿಳಾಸಕ್ಕೆ ಕಳಿಸುವ ಏರ್ಪಾಡು) ಹಾಕಿಟ್ಟಿದ್ದರೆ ಹೊಸ ಪಾಸ್‌ವರ್ಡ್ ಅದನ್ನು ಅಳಿಸುವುದಿಲ್ಲ. ಪ್ರತಿಗಳು ಸದ್ದಿಲ್ಲದೆ ಹೋಗುತ್ತಲೇ ಇರುತ್ತವೆ. ನನಗೆ ಪರಿಹಾರ ಸಿಕ್ಕಿದ್ದು ಜಿಮೇಲ್‌ನ ಸೆಟ್ಟಿಂಗ್ಸ್‌ನಲ್ಲೇ.

ಜಿಮೇಲನ್ನು ಕಂಪ್ಯೂಟರಿನ ಬ್ರೌಸರ್‌ನಲ್ಲೇ ತೆರೆಯಿರಿ. ಸೆಟ್ಟಿಂಗ್ಸ್‌ನಲ್ಲಿ ಫಾರ್ವರ್ಡಿಂಗ್ ಟ್ಯಾಬ್ ನೋಡಿ, ಆಮೇಲೆ ಫಿಲ್ಟರ್ ಟ್ಯಾಬ್. ‘ಬ್ಯಾಂಕ್’, ‘ಒಟಿಪಿ’ಯಂಥ ಪದವಿರುವ ಮೇಲ್‌ಗಳನ್ನು ನೇರ ಕಸದಬುಟ್ಟಿಗೆ ಕಳಿಸುವ ಫಿಲ್ಟರ್ ಇದ್ದರೆ, ಎಚ್ಚರಿಕೆ ನಿಮ್ಮ ಕಣ್ಣಿಗೆ ಬೀಳದಂತೆ ಹೂಡಿದ ಉಪಾಯವದು. ಅಳಿಸಿಬಿಡಿ. ರಿಕವರಿ ಫೋನ್, ರಿಕವರಿ ಇಮೇಲ್ ನಿಮ್ಮದೇನಾ ನೋಡಿ. ಗೊತ್ತಿಲ್ಲದ ಸಾಧನಗಳನ್ನು ಸೈನ್‌ಔಟ್ ಮಾಡಿ.

ಕೊನೆಗೆ ಪಾಸ್‌ಕೀ ಹಾಕಿಕೊಳ್ಳಿ, ಅಂದರೆ ಪಾಸ್‌ವರ್ಡ್ ಬದಲು ನಿಮ್ಮ ಸಾಧನದ ಬೆರಳಚ್ಚು, ಮುಖ ಅಥವಾ ಪಿನ್‌ನಿಂದ ಒಳಹೋಗುವ ವ್ಯವಸ್ಥೆ. ಒಟಿಪಿಯನ್ನು ನಕಲಿ ಪುಟವೂ ಕೇಳಿ ಪಡೆಯಬಹುದು. ಪಾಸ್‌ಕೀ ಅಸಲಿ ಡೊಮೇನ್‌ಗೆ (ಜಾಲತಾಣದ ವಿಳಾಸಕ್ಕೆ) ಬೆಸೆದಿರುವುದರಿಂದ ನಕಲಿ ವಿಳಾಸದಲ್ಲಿ ಕೆಲಸವನ್ನೇ ಮಾಡುವುದಿಲ್ಲ.