ಬೀದರಿನ ಚಳಿಗೆ ನನ್ನ ಪಿಕಪ್ ಗಾಡಿ

ಔರಾದ್ ಕಡೆಯ ನಮ್ಮ ಹಳ್ಳಿಯಿಂದ ದಿನಾ ಬೆಳಗಿನ ನಾಲ್ಕಕ್ಕೆ ಬೀದರ್ ಮಾರ್ಕೆಟ್ಟಿಗೆ ತರಕಾರಿ ಒಯ್ಯುವವನು ನಾನು. ನಮ್ಮಲ್ಲಿ ಗಾಡಿ ರೆಡಿ ಮಾಡಿಸುವುದು ಬಿಸಿಲಿಗೆ ಮಾತ್ರ. ಚಳಿಯನ್ನು ಯಾರೂ ಲೆಕ್ಕಕ್ಕೇ ತಗೊಳ್ಳುವುದಿಲ್ಲ. ಆದರೆ ಬೀದರ್ ಇರುವುದು ಸುಮಾರು 2,200 ಅಡಿ ಎತ್ತರದಲ್ಲಿ. ಡಿಸೆಂಬರಿನಲ್ಲಿ ಬೆಳಗಿನ ಜಾವ 10 ಡಿಗ್ರಿಗಿಂತ ಕೆಳಗೆ ಇಳಿಯುವುದು ಹೊಸದೇನಲ್ಲ.

ಮೂರು ವರ್ಷದ ಹಿಂದೆ ತಂಗಿಯ ಮಗ ರಜೆಗೆ ಬಂದಿದ್ದ. ಲೇಹ್‌ನಲ್ಲಿ ಮಿಲಿಟರಿ ಲಾರಿ ಓಡಿಸುತ್ತಾನೆ. ಅಲ್ಲಿ ಮಾಮೂಲಿ ಡೀಸೆಲ್ಲೇ ಮೇಣದಂತೆ ಗಟ್ಟಿಯಾಗುತ್ತದಂತೆ; ಮೈನಸ್ 33 ಡಿಗ್ರಿ ತಡೆಯುವ ಬೇರೆ ಡೀಸೆಲ್ 2019ರಿಂದ ಬರುತ್ತಿದೆ. ಆ ಫಜೀತಿ ನಮಗಿಲ್ಲ. ಆದರೆ ನನ್ನ ಜೊತೆ ಒಂದು ಟ್ರಿಪ್ ಬಂದವನು ಮೀಟರನ್ನೇ ನೋಡುತ್ತಾ ಕೂತ. ಹದಿನೈದು ಕಿಲೋಮೀಟರ್ ಆದರೂ ಟೆಂಪರೇಚರ್ ಮುಳ್ಳು ಮೇಲೇಳಲಿಲ್ಲ.

"ಮಾಮಾ, ಇದರಾಗ ಥರ್ಮೋಸ್ಟಾಟ್ ಇಲ್ಲೇನ್ರಿ?"

ಇರಲಿಲ್ಲ. ಬೇಸಿಗೆಯಲ್ಲಿ ಎಂಜಿನ್ ಕುದಿಯುತ್ತಿದೆ ಎಂದಾಗ ಮಿಸ್ತ್ರಿ ಅದನ್ನು ತೆಗೆದುಹಾಕಿದ್ದ, ಎಂಜಿನ್ನಿನ ಬಿಸಿನೀರಿನಿಂದ ಕ್ಯಾಬಿನ್ ಬೆಚ್ಚಗಿಡುವ ಹೀಟರಿನ ಪೈಪನ್ನೂ ಬೈಪಾಸ್ ಮಾಡಿದ್ದ. ನಮ್ಮ ಕಡೆ ಎಷ್ಟೋ ಗಾಡಿಗಳ ಕಥೆ ಇದೇ. ಎಂಜಿನ್ ನೀರು 80 ಡಿಗ್ರಿ ಆಸುಪಾಸು ಕಾಯುವ ತನಕ ಥರ್ಮೋಸ್ಟಾಟ್ ಅದನ್ನು ರೇಡಿಯೇಟರಿಗೆ ಬಿಡುವುದಿಲ್ಲ. ಅದಿಲ್ಲದಿದ್ದರೆ ಚಳಿಗಾಲವಿಡೀ ಎಂಜಿನ್ ತಣ್ಣಗೇ ಓಡುತ್ತದೆ, ಡೀಸೆಲ್ ಹೆಚ್ಚು ಕುಡಿಯುತ್ತದೆ. ಹೀಟರ್ ಇಲ್ಲದೆ ಮುಂದಿನ ಗಾಜಿನ ಒಳಮೈ ಮಬ್ಬಾಗುತ್ತದೆ. ಒಂದು ಕೈಲಿ ಸ್ಟೇರಿಂಗ್, ಇನ್ನೊಂದು ಕೈಲಿ ಬಟ್ಟೆ ಹಿಡಿದು ನಾನು ಎಷ್ಟು ವರ್ಷ ಓಡಿಸಿದೆನೋ!

ಆ ವಾರವೇ ಥರ್ಮೋಸ್ಟಾಟ್ ಹಾಕಿಸಿ ಹೀಟರ್ ಪೈಪ್ ಜೋಡಿಸಿದೆ. ರೇಡಿಯೇಟರ್ ಬಿಚ್ಚಿದಾಗ ನಿಜವಾದ ರೋಗ ಸಿಕ್ಕಿತು. ವರ್ಷಗಟ್ಟಲೆ ಬೋರ್ ನೀರು ಹಾಕಿ ಹಾಕಿ ಒಳಗೆಲ್ಲ ಬಿಳಿ ಸುಣ್ಣದಂಥ ಪದರ ಕಟ್ಟಿತ್ತು. ತೊಳೆಸಿ, ಕೂಲೆಂಟ್ ಅರ್ಧ, ಡಿಸ್ಟಿಲ್ಡ್ ವಾಟರ್ ಅರ್ಧ ತುಂಬಿಸಿದೆ. ಮುಂದಿನ ಮೇ ಬಿಸಿಲಲ್ಲೂ ಕುದಿಯಲಿಲ್ಲ.

ಬ್ಯಾಟರಿಯನ್ನು ನವೆಂಬರಿನಲ್ಲೇ ನೋಡುತ್ತೇನೆ. ಚಳಿಗೆ ಅದರ ಶಕ್ತಿ ಕುಗ್ಗುತ್ತದೆ, ಆಯಿಲ್ ಗಟ್ಟಿಯಾಗಿ ಎಂಜಿನ್ನೂ ಬಿಗಿಯಾಗಿರುತ್ತದೆ. ರಾತ್ರಿಯಿಡೀ ನಿಂತ ಗಾಡಿಗೆ ಬೆಳಿಗ್ಗೆ ಮೀಟರ್ ಹಚ್ಚಿದರೆ 12.6 ವೋಲ್ಟ್ ಇರಬೇಕು. 12.2 ಬಂದರೆ ಚಾರ್ಜ್ ಅರ್ಧಕ್ಕೆ ಬಂದಿದೆ ಎಂದೇ ಲೆಕ್ಕ. ಟರ್ಮಿನಲ್ ಮೇಲೆ ಹಸಿರು-ಬಿಳಿ ಪುಡಿ ಕೂತಿದ್ದರೆ ಮೈನಸ್ ವೈರ್ ಮೊದಲು ಬಿಚ್ಚಿ, ಅಡುಗೆ ಸೋಡಾ ಕಲಸಿದ ಬಿಸಿನೀರಿನಿಂದ ಹಳೆ ಬ್ರಷ್‌ನಲ್ಲಿ ಉಜ್ಜುತ್ತೇನೆ. ಬುರುಬುರು ನೊರೆ ನಿಂತ ಮೇಲೆ ಒರೆಸಿ, ವೈರ್ ಬಿಗಿದು, ಮೇಲೆ ವ್ಯಾಸಲೀನ್. ಕೀ ತಿರುಗಿಸಿದ ಕೂಡಲೇ ಸೆಲ್ಫ್ ಹೊಡೆಯುವುದಿಲ್ಲ. ಮೀಟರ್ ಬೋರ್ಡಿನ ಹೀಟರ್ ಲೈಟ್ (ಕ್ಯಾಬಿನ್ ಹೀಟರಿನದ್ದಲ್ಲ, ಸ್ಟಾರ್ಟ್ ಮಾಡುವ ಮೊದಲು ಎಂಜಿನ್ ಒಳಗೆ ಕಾಯಿಸುವ ಗ್ಲೋ ಪ್ಲಗ್ಗಿನದ್ದು) ಆರುವ ತನಕ ಕಾಯುತ್ತೇನೆ.

ಇಷ್ಟೆಲ್ಲ ನನ್ನ ಗಾಡಿಯ ಮಾತಾಯಿತು. ನನಗೆ ನಿಜವಾದ ಭಯ ಕಬ್ಬಿನ ಟ್ರಾಲಿಗಳದ್ದು. ಕಬ್ಬು ನುರಿಸುವುದೂ ಇದೇ ಚಳಿಗಾಲದಲ್ಲಿ. ಮಾಂಜ್ರಾ ಸೇತುವೆ ಹತ್ತಿರ ಮಂಜು ಇಳಿದರೆ, ಹಿಂದೆ ಲೈಟಿಲ್ಲದ ಟ್ರಾಲಿ ಹತ್ತಡಿಗೆ ಬರುವ ತನಕ ಕಾಣುವುದಿಲ್ಲ. ಒಮ್ಮೆ ನನ್ನ ಬಂಪರ್ ಕಬ್ಬಿನ ತುದಿಗೆ ತಾಗಿಯೇ ನಿಂತಿತು. ಅಂದಿನಿಂದ ಸೀಟಿನ ಕೆಳಗೆ ಕೆಂಪು ರೇಡಿಯಂ ಪಟ್ಟಿಯ ಸುರುಳಿ ಇಟ್ಟಿರುತ್ತೇನೆ. ಚಹಾ ಅಂಗಡಿ ಮುಂದೆ ನಿಂತ ಟ್ರಾಲಿಯವರನ್ನು ಕೇಳಿ ಹಿಂದೆ ಅಂಟಿಸುತ್ತೇನೆ; ಇದುವರೆಗೆ ಯಾರೂ ಬೇಡ ಅಂದಿಲ್ಲ. ಇಬ್ಬನಿಯಿಂದ ಒದ್ದೆಯಾದ ಕಬ್ಬಿಣಕ್ಕೆ ಪಟ್ಟಿ ಹಿಡಿಯುವುದಿಲ್ಲ. ಅದಕ್ಕೇ ಬೆಳಿಗ್ಗೆ ಅಲ್ಲ, ವಾಪಸ್ ಬರುವಾಗ, ಬಿಸಿಲಿಗೆ ತಗಡು ಕಾದ ಮೇಲೆ ಆ ಕೆಲಸ.